ಎಮ್ಯುಲೇಟರ್ ನಿಧಾನ, ಸಿಮ್ಯುಲೇಟರ್ ವೇಗ: ಈ ಮಾತು ಎಷ್ಟು ನಿಜ?

ಆಂಡ್ರಾಯ್ಡ್ ಆಪ್ ಬರೆಯಲು ಕೂತವರ ಮೊದಲ ದೂರು ಹೆಚ್ಚುಕಡಿಮೆ ಒಂದೇ: ಕಂಪ್ಯೂಟರಿನೊಳಗೇ ಒಂದು ಫೋನನ್ನು ಓಡಿಸಿ ತೋರಿಸುವ ಎಮ್ಯುಲೇಟರ್ ತೆರೆದರೆ ಲ್ಯಾಪ್‌ಟಾಪ್‌ನ ಫ್ಯಾನ್ ಭೋರ್ಗರೆಯುತ್ತದೆ, ಪರದೆ ಮಾತ್ರ ಮೇಲೇಳುವುದಿಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಮ್ಯಾಕ್ ಇಟ್ಟುಕೊಂಡು ಐಫೋನ್ ಆಪ್ ಬರೆಯುವವರು ಆಪಲ್‌ನ ಅಂಥದ್ದೇ ಸಲಕರಣೆಯಾದ ಸಿಮ್ಯುಲೇಟರ್ ತೆರೆದು ನಾಲ್ಕು ಬಟನ್ ಒತ್ತಿ ನೋಡಿ ಮುಗಿಸಿರುತ್ತಾರೆ. ‘ಎಮ್ಯುಲೇಟರ್ ಎಂದರೆ ನಿಧಾನ, ಸಿಮ್ಯುಲೇಟರ್ ಎಂದರೆ ವೇಗ’ ಎಂಬ ಮಾತು ಹುಟ್ಟಿದ್ದು ಹೀಗೆ. 2010ರ ಸುಮಾರಿಗೆ ಅದು ಪೂರ್ತಿ ನಿಜವಾಗಿತ್ತು. ಈಗ ಅರ್ಧ ಮಾತ್ರ ನಿಜ. ಯಾವ ಅರ್ಧ ಎಂದು ತಿಳಿಯದೆ ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಸುರಿಯುವವರಿದ್ದಾರೆ. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಒಂದು ಆಯ್ಕೆ ಆನ್ ಮಾಡಿದ್ದರೆ ಎಷ್ಟೋ ಸಲ ಕೆಲಸ ಮುಗಿಯುತ್ತಿತ್ತು.

ವೇಗವನ್ನು ನಿರ್ಧರಿಸುವುದು ಎಮ್ಯುಲೇಟರ್, ಸಿಮ್ಯುಲೇಟರ್ ಎಂಬ ಹೆಸರಲ್ಲ. ಆಪ್‌ನ ಕೋಡ್ ಮತ್ತು ಕಂಪ್ಯೂಟರಿನ ಪ್ರೊಸೆಸರ್ ನಡುವೆ ದುಭಾಷಿ ಕೂತಿದ್ದಾನೆಯೇ, ಇಲ್ಲವೇ ಎಂಬುದು.

ದುಭಾಷಿಯ ಲೆಕ್ಕ

ಕೋರ್ಟಿನಲ್ಲಿ ಸಾಕ್ಷಿ ತಮಿಳಿನಲ್ಲಿ ಹೇಳುತ್ತಾನೆ, ಬರೆದುಕೊಳ್ಳುವವರಿಗೆ ಕನ್ನಡ ಮಾತ್ರ ಬರುತ್ತದೆ ಎಂದುಕೊಳ್ಳಿ. ನಡುವೆ ನಿಂತವನು ಪ್ರತಿ ವಾಕ್ಯವನ್ನೂ ಕೇಳಿ, ಅರ್ಥಮಾಡಿಕೊಂಡು, ಮತ್ತೆ ಹೇಳಬೇಕು. ಹಳೆಯ ಆಂಡ್ರಾಯ್ಡ್ ಎಮ್ಯುಲೇಟರ್ ನಡೆಯುತ್ತಿದ್ದದ್ದು ಹೀಗೆಯೇ. ಫೋನುಗಳಲ್ಲಿದ್ದದ್ದು ಆರ್ಮ್ ಪ್ರೊಸೆಸರ್, ಮೇಜಿನ ಮೇಲಿದ್ದದ್ದು ಇಂಟೆಲ್ ಅಥವಾ ಎಎಂಡಿಯ ಎಕ್ಸ್86 ಪ್ರೊಸೆಸರ್. ಇವೆರಡರ ಯಂತ್ರಭಾಷೆ ಬೇರೆ ಬೇರೆ. ಎಮ್ಯುಲೇಟರಿನ ಒಡಲಲ್ಲಿರುವ ಕ್ಯೂಎಮು ಎಂಬ ತಂತ್ರಾಂಶ ಆರ್ಮ್ ಸೂಚನೆಗಳನ್ನು ತುಂಡುತುಂಡಾಗಿ ಎತ್ತಿಕೊಂಡು ಎಕ್ಸ್86 ಸೂಚನೆಗಳಾಗಿ ಬದಲಿಸುತ್ತಿತ್ತು. ಒಮ್ಮೆ ಬದಲಿಸಿದ ತುಂಡನ್ನು ಎತ್ತಿಟ್ಟುಕೊಂಡು ಮತ್ತೆ ಬಳಸುತ್ತಿತ್ತು, ನಿಜ. ಆದರೂ ಒಂದು ಆರ್ಮ್ ಸೂಚನೆಯ ಜಾಗದಲ್ಲಿ ಹಲವು ಎಕ್ಸ್86 ಸೂಚನೆಗಳು ಓಡಬೇಕಿತ್ತು. ಆಪ್ ಮಾತ್ರವಲ್ಲ, ಲಿನಕ್ಸ್ ಕರ್ನಲ್ ಎಂಬ ಓಎಸ್‌ನ ತಿರುಳಿನಿಂದ ಹಿಡಿದು ಗಡಿಯಾರದ ವಿಜೆಟ್‌ವರೆಗೆ ಇಡೀ ಆಂಡ್ರಾಯ್ಡ್ ಈ ದುಭಾಷಿಯ ಬಾಯಿಂದಲೇ ಹಾದುಬರಬೇಕಿತ್ತು.

ಆಪಲ್ ಹಿಡಿದ ದಾರಿ ಬೇರೆ. ಐಓಎಸ್ ಮತ್ತು ಮ್ಯಾಕ್‌ಓಎಸ್ ಎರಡರ ಬುಡವೂ ಡಾರ್ವಿನ್ ಎಂಬ ಒಂದೇ ಓಎಸ್. ಹಾಗಾಗಿ ಮ್ಯಾಕ್ ಒಳಗೆ ಇನ್ನೊಂದು ಫೋನನ್ನೇ ಹುಟ್ಟಿಸುವ ಅಗತ್ಯ ಅವರಿಗಿರಲಿಲ್ಲ. ಐಓಎಸ್‌ನ ಫ್ರೇಮ್‌ವರ್ಕ್‌ಗಳನ್ನೇ ಮ್ಯಾಕ್‌ನ ಪ್ರೊಸೆಸರಿಗೆ ಕಂಪೈಲ್ ಮಾಡಿ, ಅಂದರೆ ಅದರ ಯಂತ್ರಭಾಷೆಗೆ ಮೊದಲೇ ಬದಲಿಸಿ ಕೊಟ್ಟರು. ನಿಮ್ಮ ಆಪ್ ಕೂಡ ಸಿಮ್ಯುಲೇಟರಿಗೆಂದೇ ಪ್ರತ್ಯೇಕವಾಗಿ ಕಂಪೈಲ್ ಆಗುತ್ತದೆ, ಮ್ಯಾಕ್‌ನ ಕರ್ನಲ್ ಮೇಲೆ ಉಳಿದ ತಂತ್ರಾಂಶಗಳಂತೆ ಒಂದು ಪ್ರೊಸೆಸ್ ಆಗಿ ಓಡುತ್ತದೆ. ಸಾಕ್ಷಿಯ ಹೇಳಿಕೆಯನ್ನು ಮೊದಲೇ ಕನ್ನಡದಲ್ಲಿ ಬರೆಸಿ ತಂದ ಹಾಗೆ. ಕೋರ್ಟಿನಲ್ಲಿ ದುಭಾಷಿಗೆ ಕೆಲಸವೇ ಇಲ್ಲ. ಪರದೆಯ ಮೇಲೆ ಕಾಣುವ ಐಫೋನಿನ ಚೌಕಟ್ಟು ಬರೀ ವೇಷ. ಅದರ ಹಿಂದೆ ಫೋನಿನ ಪ್ರೊಸೆಸರಿಲ್ಲ, ಫೋನಿನ ಮೆಮೊರಿಯಿಲ್ಲ, ಫೋನಿನ ಕರ್ನಲ್ ಕೂಡ ಇಲ್ಲ.

ಹೆಸರುಗಳ ನಿಜವಾದ ಭೇದವೂ ಇಲ್ಲೇ ಇದೆ. ಎಮ್ಯುಲೇಟರ್ ಯಂತ್ರದ ಒಳಗನ್ನು ನಕಲು ಮಾಡುತ್ತದೆ, ಸಿಮ್ಯುಲೇಟರ್ ಹೊರಗಿನ ನಡವಳಿಕೆಯನ್ನು ಮಾತ್ರ.

ಆಂಡ್ರಾಯ್ಡ್ ಈ ಎರಡನೇ ದಾರಿ ಹಿಡಿಯುವುದು ಸುಲಭವಿರಲಿಲ್ಲ. ಅದಕ್ಕೆ ಲಿನಕ್ಸ್ ಕರ್ನಲ್ ಬೇಕು, ಪ್ರೊಸೆಸ್‌ಗಳು ಪರಸ್ಪರ ಮಾತಾಡಲು ಬೈಂಡರ್ ಬೇಕು, ಬಯೋನಿಕ್ ಎಂಬ ಅದರದ್ದೇ ಸಿ ಲೈಬ್ರರಿ ಬೇಕು. ವಿಂಡೋಸ್‌ನಲ್ಲಾಗಲಿ ಮ್ಯಾಕ್‌ನಲ್ಲಾಗಲಿ ಇವು ಇಲ್ಲ. ಆದ್ದರಿಂದ ಇಡೀ ಓಎಸ್ಸನ್ನು ಒಂದು ವರ್ಚುವಲ್ ಯಂತ್ರದಲ್ಲಿಟ್ಟು ಓಡಿಸುವುದೇ ಉಳಿದದ್ದು. ಗೂಗಲ್ ಮಾಡಿದ್ದು ಆ ಯಂತ್ರದೊಳಗಿನ ದುಭಾಷಿಯನ್ನು ಮನೆಗೆ ಕಳಿಸುವ ಕೆಲಸ. ಆಂಡ್ರಾಯ್ಡನ್ನೇ ಎಕ್ಸ್86ಕ್ಕೆ ಕಂಪೈಲ್ ಮಾಡಿದ ಸಿಸ್ಟಮ್ ಇಮೇಜ್‌ಗಳು, ಅಂದರೆ ಓಎಸ್‌ನ ಸಿದ್ಧ ಪ್ರತಿಗಳು, ಬಂದವು. ಆಗ ಸೂಚನೆಗಳು ನೇರ ಪ್ರೊಸೆಸರ್ ಮೇಲೆಯೇ ಓಡಬಲ್ಲವು. ಡಿಸ್ಕ್, ನೆಟ್‌ವರ್ಕ್‌ನಂಥ ಸಾಧನಗಳನ್ನು ಮುಟ್ಟಿದಾಗ ಮಾತ್ರ ಹೈಪರ್‌ವೈಸರ್ ಎಂಬ ಕಾವಲುಗಾರ ಮಧ್ಯೆ ಬರುತ್ತಾನೆ. ಲಿನಕ್ಸ್‌ನಲ್ಲಿ ಈ ಕೆಲಸ ಕೆವಿಎಂ ಮಾಡುತ್ತದೆ, ಮ್ಯಾಕ್‌ನಲ್ಲಿ ಓಎಸ್ ಜೊತೆಗೇ ಬರುವ ಹೈಪರ್‌ವೈಸರ್ ಫ್ರೇಮ್‌ವರ್ಕ್. ವಿಂಡೋಸ್‌ನಲ್ಲಿ ಬಹಳ ವರ್ಷ ಇಂಟೆಲ್‌ನ ಹ್ಯಾಕ್ಸ್‌ಎಂ ಇತ್ತು. 2023ರಲ್ಲಿ ಇಂಟೆಲ್ ಅದರ ಅಭಿವೃದ್ಧಿ ನಿಲ್ಲಿಸಿತು. ಹಳೆಯ ಯೂಟ್ಯೂಬ್ ಪಾಠ ನೋಡಿ ಇಂದಿಗೂ ಹ್ಯಾಕ್ಸ್‌ಎಂ ಹುಡುಕುತ್ತಾ ಕೂರುವವರಿದ್ದಾರೆ, ಆ ಶ್ರಮ ಬೇಡ.

2020ರಲ್ಲಿ ಆಪಲ್ ಎಂ1 ಚಿಪ್ ತಂದ ಮೇಲೆ ಚಿತ್ರ ಇನ್ನೂ ಬದಲಾಯಿತು. ಮ್ಯಾಕ್ ಪ್ರೊಸೆಸರೇ ಆರ್ಮ್ ಆದ್ದರಿಂದ ಫೋನಿನದೇ ಯಂತ್ರಭಾಷೆಯ ಆರ್ಮ್64 ಆಂಡ್ರಾಯ್ಡ್ ಇಮೇಜ್ ಅಲ್ಲಿ ದುಭಾಷಿಯಿಲ್ಲದೆ ಓಡುತ್ತದೆ. ಅಂಥ ಮ್ಯಾಕ್‌ನಲ್ಲಿ ಎಮ್ಯುಲೇಟರನ್ನೂ ಸಿಮ್ಯುಲೇಟರನ್ನೂ ಪಕ್ಕಪಕ್ಕ ಇಟ್ಟರೆ ಲೆಕ್ಕಾಚಾರದ ವೇಗದಲ್ಲಿ ಕಣ್ಣಿಗೆ ಬೀಳುವ ಅಂತರ ಹೆಚ್ಚೇನಿಲ್ಲ. ಉಳಿಯುವ ಅಂತರ ಬೂಟ್ ಆಗುವ ಹೊತ್ತಿನದು ಮತ್ತು ಮೆಮೊರಿಯದು. ಒಂದು ಕಡೆ ಕರ್ನಲ್ ಸಮೇತ ಇಡೀ ಓಎಸ್ ಎದ್ದು ನಿಲ್ಲಬೇಕು, ಅದಕ್ಕೆಂದೇ ಒಂದೆರಡು ಜಿಬಿ ರ‍್ಯಾಮ್ ಮೀಸಲಿಡಬೇಕು. ಇನ್ನೊಂದು ಕಡೆ ಕೆಲವು ಪ್ರೊಸೆಸ್‌ಗಳು ಶುರುವಾದರೆ ಸಾಕು.

ಬೂಟ್ ಹೊತ್ತಿಗೆ ಗೂಗಲ್ 2017ರ ಕೊನೆಯಲ್ಲಿ ಕ್ವಿಕ್ ಬೂಟ್ ಎಂಬ ಮದ್ದು ಕೊಟ್ಟಿತು. ಎಮ್ಯುಲೇಟರ್ ಮುಚ್ಚುವಾಗ ಅದರ ಇಡೀ ಮೆಮೊರಿಯನ್ನು ಡಿಸ್ಕಿಗೆ ಬರೆದಿಟ್ಟು, ಮತ್ತೆ ತೆರೆದಾಗ ಅಲ್ಲಿಂದಲೇ ಮುಂದುವರಿಸುವುದು. 6 ಸೆಕೆಂಡಿನೊಳಗೆ ಎದ್ದೇಳುತ್ತದೆ ಎಂದು ಆಗ ಹೇಳಿಕೊಂಡಿದ್ದರು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅದು ಉತ್ಪ್ರೇಕ್ಷೆಯಲ್ಲ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ, ಜಿಬಿಗಟ್ಟಲೆ ಮೆಮೊರಿಯನ್ನು ಅಲ್ಲಿಂದ ಓದಿ ತರಬೇಕು.

ನಿಮ್ಮ ಎಮ್ಯುಲೇಟರ್ ಯಾಕೆ ತೆವಳುತ್ತಿದೆ

ಮೊದಲು ವೇಗವರ್ಧನೆ, ಅಂದರೆ ಹೈಪರ್‌ವೈಸರ್ ಬಳಕೆ, ಆನ್ ಇದೆಯೇ ನೋಡಿ. ಆಂಡ್ರಾಯ್ಡ್ ಎಸ್‌ಡಿಕೆ (ಆಪ್ ಬರೆಯುವ ಸಲಕರಣೆಗಳ ಗಂಟು) ಫೋಲ್ಡರಿನೊಳಗೆ ಎಮ್ಯುಲೇಟರ್ ಎಂಬ ಫೋಲ್ಡರ್ ಇದೆ. ಟರ್ಮಿನಲ್‌ನಲ್ಲಿ ಅಲ್ಲಿಗೆ ಹೋಗಿ ಎಮ್ಯುಲೇಟರ್ ಆಜ್ಞೆಗೆ ‘ಆಕ್ಸೆಲ್-ಚೆಕ್’ ಆಯ್ಕೆ ಕೊಟ್ಟು ಓಡಿಸಿದರೆ ಯಾವ ಹೈಪರ್‌ವೈಸರ್ ಸಿಕ್ಕಿದೆ, ಬಳಸಬಹುದೇ ಎಂದು ಒಂದೆರಡು ಸಾಲಿನಲ್ಲಿ ಹೇಳುತ್ತದೆ. ಇಲ್ಲ ಎಂದರೆ ಬೇರೆ ಏನು ತಿದ್ದಿದರೂ ಉಪಯೋಗವಿಲ್ಲ.

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಆರಿಸಿ. ಕೆಳಗೆ ‘ವರ್ಚುವಲೈಸೇಷನ್’ ಎಂಬ ಸಾಲಿರುತ್ತದೆ. ಡಿಸೇಬಲ್ಡ್ ಎಂದಿದ್ದರೆ ಯಂತ್ರ ರೀಸ್ಟಾರ್ಟ್ ಮಾಡಿ ಬಯೋಸ್‌ಗೆ ಹೋಗಬೇಕು. ಇಂಟೆಲ್ ಯಂತ್ರದಲ್ಲಿ ಆಯ್ಕೆಯ ಹೆಸರು ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ವಿಟಿ-ಎಕ್ಸ್. ಎಎಂಡಿಯಲ್ಲಿ ‘ಎಸ್‌ವಿಎಂ ಮೋಡ್’ ಎಂದಿರುತ್ತದೆ. ವರ್ಚುವಲೈಸೇಷನ್ ಎಂಬ ಪದವೇ ಇಲ್ಲದ್ದರಿಂದ ಅನೇಕರು ಅದನ್ನು ದಾಟಿ ಹೋಗುತ್ತಾರೆ. ನಂತರ ವಿಂಡೋಸ್‌ನ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಪಟ್ಟಿಯಲ್ಲಿ ‘ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್’ಗೆ ಟಿಕ್ ಹಾಕಿ ಮತ್ತೆ ರೀಸ್ಟಾರ್ಟ್ ಮಾಡಿ. ಮೈಕ್ರೋಸಾಫ್ಟ್‌ನ ಹೈಪರ್‌ವೈಸರ್ ಆದ ಹೈಪರ್-ವಿ ಬೇಡ ಎನ್ನುವವರು ಇದರ ಬದಲು ಎಸ್‌ಡಿಕೆ ಮ್ಯಾನೇಜರಿನಲ್ಲಿ ಸಿಗುವ ಗೂಗಲ್‌ನದೇ ಹೈಪರ್‌ವೈಸರ್ ಡ್ರೈವರ್ ಹಾಕಿಕೊಳ್ಳಬಹುದು. ಹೈಪರ್-ವಿ ಆನ್ ಇರುವಾಗ ಆ ಡ್ರೈವರ್ ಕೆಲಸ ಮಾಡುವುದಿಲ್ಲ, ಎರಡರಲ್ಲಿ ಒಂದನ್ನೇ ಆರಿಸಬೇಕು.

ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕೈಕೊಡುವುದು ಅನುಮತಿ. ನಿಮ್ಮ ಬಳಕೆದಾರ ಖಾತೆ ಕೆವಿಎಂ ಗುಂಪಿನಲ್ಲಿ ಇರಬೇಕು. ಗುಂಪಿಗೆ ಸೇರಿಸಿದ ಕೂಡಲೇ ಅದು ಜಾರಿಗೆ ಬರುವುದಿಲ್ಲ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬರಬೇಕು. ಇದನ್ನು ಮರೆತು ಸಂಜೆಯೆಲ್ಲ ತಲೆಕೆಡಿಸಿಕೊಳ್ಳುವುದು ಮಾಮೂಲು.

ಇನ್ನು ಇಮೇಜ್. ಎಕ್ಸ್86 ಯಂತ್ರದಲ್ಲಿ ಎಕ್ಸ್86 64 ಬಿಟ್ ಇಮೇಜನ್ನೇ, ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ಆರ್ಮ್64 ಇಮೇಜನ್ನೇ ಇಳಿಸಿಕೊಳ್ಳಿ. ‘ನಿಜವಾದ ಫೋನ್ ಆರ್ಮ್ ತಾನೇ, ಅದೇ ಇರಲಿ’ ಎಂದು ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಆರ್ಮ್ ಇಮೇಜ್ ಆರಿಸಿದರೆ ಮನೆಗೆ ಕಳಿಸಿದ ದುಭಾಷಿಯನ್ನು ವಾಪಸ್ ಕರೆದಂತೆ. ಈಚಿನ ಎಮ್ಯುಲೇಟರ್‌ಗಳು ಅಂಥದ್ದನ್ನು ಶುರುಮಾಡಲೇ ಒಪ್ಪುವುದಿಲ್ಲ.

ಆಪ್‌ನೊಳಗೆ ಆರ್ಮ್‌ಗೆ ಮಾತ್ರ ಕಂಪೈಲ್ ಆದ ಸಿ++ ಲೈಬ್ರರಿ ಇದ್ದರೆ ಇನ್ನೊಂದು ತೊಡಕು. ಎಕ್ಸ್86 ಎಮ್ಯುಲೇಟರಿನಲ್ಲಿ ಅದನ್ನು ಇನ್‌ಸ್ಟಾಲ್ ಮಾಡಹೋದರೆ ‘ನೋ ಮ್ಯಾಚಿಂಗ್ ಎಬಿಐಸ್’ ಎಂಬ ದೋಷ ಬರುತ್ತದೆ. ಆಂಡ್ರಾಯ್ಡ್ 11ರ ಇಮೇಜ್‌ಗಳಿಂದ ಈಚೆಗೆ ಇದಕ್ಕೊಂದು ಜಾಣ ಪರಿಹಾರ ಸಿಕ್ಕಿದೆ: ಓಎಸ್ ಎಲ್ಲ ಎಕ್ಸ್86ನಲ್ಲೇ ಓಡುತ್ತದೆ, ಆಪ್‌ನ ಆರ್ಮ್ ಕೋಡ್ ಮಾತ್ರ ಅನುವಾದವಾಗುತ್ತದೆ. ಆಪ್ ಓಡುತ್ತದೆ, ಆದರೆ ವಿಡಿಯೋ ಡಿಕೋಡಿಂಗ್, ಚಿತ್ರ ಸಂಸ್ಕರಣೆಯಂಥ ಭಾರದ ಕೆಲಸ ಇದ್ದದ್ದೇ ಆ ಲೈಬ್ರರಿಯಲ್ಲಾದರೆ ಅಷ್ಟು ಭಾಗ ನಿಧಾನ. ಲೈಬ್ರರಿಯ ಮೂಲ ಕೋಡ್ ನಿಮ್ಮಲ್ಲಿದ್ದರೆ, ಆಪ್ ಕಟ್ಟುವ ಸಲಕರಣೆಯಾದ ಗ್ರೇಡಲ್‌ನ ಫೈಲಿನಲ್ಲಿರುವ ಎಬಿಐ ಫಿಲ್ಟರ್‌ಗಳಲ್ಲಿ (ಯಾವ ಪ್ರೊಸೆಸರುಗಳಿಗೆ ಕಟ್ಟಬೇಕೆಂಬ ಪಟ್ಟಿ) ಡಿಬಗ್ ಬಿಲ್ಡ್‌ಗೆ, ಅಂದರೆ ಪರೀಕ್ಷೆಯ ಆವೃತ್ತಿಗೆ, ಎಕ್ಸ್86 64 ಸೇರಿಸಿಕೊಂಡರೆ ಈ ರಗಳೆ ತಪ್ಪುತ್ತದೆ.

ಗ್ರಾಫಿಕ್ಸ್ ವಿಷಯಕ್ಕೆ ಬಂದರೆ, ಪ್ರೊಸೆಸರ್ ಎಷ್ಟೇ ಚುರುಕಿದ್ದರೂ ಪರದೆ ಬಿಡಿಸುವವರು ಯಾರು ಎಂಬುದು ಬೇರೆಯೇ ಪ್ರಶ್ನೆ. ಎಮ್ಯುಲೇಟರಿನೊಳಗಿನ ಆಂಡ್ರಾಯ್ಡ್ ಕೊಡುವ ಓಪನ್‌ಜಿಎಲ್ ಎಂಬ ಚಿತ್ರ ಬಿಡಿಸುವ ಆಜ್ಞೆಗಳು ಒಂದು ಕೊಳವೆಯ ಮೂಲಕ ಹೊರಗಿನ ಕಂಪ್ಯೂಟರಿಗೆ ಬಂದು, ಅದರ ಜಿಪಿಯು ಕೈಯಲ್ಲಿ ಚಿತ್ರವಾಗುತ್ತವೆ. ಡ್ರೈವರ್ ಹಳೆಯದಾಗಿದ್ದರೆ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕೆಲಸ ಮಾಡುತ್ತಿದ್ದರೆ, ಎಮ್ಯುಲೇಟರ್ ಜಿಪಿಯುವನ್ನು ಬಿಟ್ಟು ಸ್ವಿಫ್ಟ್‌ಶೇಡರ್ ಎಂಬ ತಂತ್ರಾಂಶದಿಂದ ಚಿತ್ರ ಬಿಡಿಸುತ್ತದೆ. ಪ್ರತಿ ಪಿಕ್ಸೆಲ್‌ನ ಹೊರೆಯೂ ಸಿಪಿಯು ಮೇಲೆ ಬೀಳುತ್ತದೆ. ಎವಿಡಿ (ನೀವು ರಚಿಸಿದ ವರ್ಚುವಲ್ ಫೋನ್) ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಅನ್ನು ಹಾರ್ಡ್‌ವೇರ್ ಎಂದು ಆರಿಸಿ ನೋಡಿ. ಪಿಕ್ಸೆಲ್ ಸಂಖ್ಯೆಯನ್ನೂ ಗಮನಿಸಿ. ಪಿಕ್ಸೆಲ್ 6 ಪ್ರೊ ಮಾದರಿಯ ಪರದೆ 1440×3120, ಅಂದರೆ ಸುಮಾರು 45 ಲಕ್ಷ ಪಿಕ್ಸೆಲ್. ‘ಸ್ಮಾಲ್ ಫೋನ್’ ಎಂಬ ಮಾದರಿಯದು 720×1280, 9 ಲಕ್ಷ ಚಿಲ್ಲರೆ. ಫಾರಂ ತುಂಬುವ ಪುಟ ಪರೀಕ್ಷಿಸಲು ಐದು ಪಟ್ಟು ಪಿಕ್ಸೆಲ್ ಹೊರಬೇಕಾದ ಕರ್ಮ ಏನಿದೆ?

ರ‍್ಯಾಮ್ ಹೆಚ್ಚು ಕೊಟ್ಟಷ್ಟೂ ವೇಗ ಎಂಬುದು ಇನ್ನೊಂದು ಭ್ರಮೆ. 8 ಜಿಬಿ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಹೊಸ ಪ್ರಾಜೆಕ್ಟಿನಲ್ಲಿ ಗ್ರೇಡಲ್‌ಗೆ ಮೊದಲೇ 2 ಜಿಬಿ ಮಿತಿ ಬರೆದಿರುತ್ತದೆ. ಆಂಡ್ರಾಯ್ಡ್ ಸ್ಟುಡಿಯೋ, ಕ್ರೋಮ್, ವಿಂಡೋಸ್ ತಮ್ಮ ಪಾಲು ಎತ್ತಿಕೊಳ್ಳುತ್ತವೆ. ಎಮ್ಯುಲೇಟರಿಗೆ 4 ಜಿಬಿ ಕೊಟ್ಟಿರೋ, ವಿಂಡೋಸ್ ಡಿಸ್ಕಿಗೆ ಮೆಮೊರಿ ಎಸೆಯಲು ಶುರುಮಾಡುತ್ತದೆ, ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ಅಂಥ ಯಂತ್ರದಲ್ಲಿ 2 ಜಿಬಿಗಿಂತ ಮೇಲೆ ಹೋಗಬೇಡಿ, ಪ್ಲೇ ಸ್ಟೋರ್ ಇಲ್ಲದ ಇಮೇಜ್ ಆರಿಸಿ.

ಕೆಲವೊಮ್ಮೆ ನಿನ್ನೆವರೆಗೆ ಚೆನ್ನಾಗಿದ್ದ ಎಮ್ಯುಲೇಟರ್ ಇವತ್ತು ಇಂಟರ್ನೆಟ್ ಇಲ್ಲ ಎನ್ನುತ್ತದೆ, ಇಲ್ಲವೇ ಸುಮ್ಮನೆ ಜಗ್ಗುತ್ತದೆ. ಕ್ವಿಕ್ ಬೂಟ್ ಬರೆದಿಟ್ಟ ಮೆಮೊರಿಯ ಹಳಸಿದ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್, ಇದರ ಸಾಮಾನ್ಯ ಕಾರಣ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಮುಂದಿನ ಮೂರು ಚುಕ್ಕಿ ಒತ್ತಿ ‘ಕೋಲ್ಡ್ ಬೂಟ್ ನೌ’ ಕೊಡಿ.

ಸಿಮ್ಯುಲೇಟರ್ ಕೂಡ ನಿಧಾನವಾಗುತ್ತದೆ

ಆಪಲ್ ಚಿಪ್‌ನ ಮ್ಯಾಕ್‌ನಲ್ಲಿ ದುಭಾಷಿ ಹಿತ್ತಲ ಬಾಗಿಲಿನಿಂದ ಒಳಬರುವುದುಂಟು. ಎಂ1 ಬಂದಾಗ ಹಲವು ಹಳೆಯ ಲೈಬ್ರರಿಗಳಲ್ಲಿ ಎರಡೇ ತುಣುಕಿದ್ದವು: ಐಫೋನಿಗೆ ಆರ್ಮ್64, ಸಿಮ್ಯುಲೇಟರಿಗೆ ಎಕ್ಸ್86 64. ಹೊಸ ಮ್ಯಾಕ್‌ನ ಸಿಮ್ಯುಲೇಟರಿಗೆ ಬೇಕಾದದ್ದು ಮೂರನೆಯದು, ಸಿಮ್ಯುಲೇಟರಿನ ಆರ್ಮ್64. ತುಣುಕುಗಳನ್ನು ಜೋಡಿಸುವ ಲಿಂಕರ್ ‘ಸಿಮ್ಯುಲೇಟರಿಗೆ ಬಿಲ್ಡ್ ಮಾಡುತ್ತಿದ್ದೀರಿ, ಆದರೆ ಈ ಫೈಲ್ ಐಓಎಸ್‌ಗೆ ಬಿಲ್ಡ್ ಆದದ್ದು’ ಎಂದು ಗೊಣಗತೊಡಗಿತು. ಬಹಳ ಜನ ಎಕ್ಸ್‌ಕ್ಲೂಡೆಡ್ ಆರ್ಕಿಟೆಕ್ಚರ್ಸ್ ಎಂಬ ಸೆಟ್ಟಿಂಗಿನಲ್ಲಿ ಸಿಮ್ಯುಲೇಟರಿಗೆ ಆರ್ಮ್64 ಬೇಡ ಎಂದು ಬರೆದು ದೋಷ ಮುಚ್ಚಿದರು. ದೋಷ ಹೋಯಿತು, ಆದರೆ ಅಂದಿನಿಂದ ಆ ಆಪ್ ಎಕ್ಸ್86 ಆಗಿ, ರೊಸೆಟ್ಟಾ ಎಂಬ ಅನುವಾದಕದ ಮೂಲಕ ಓಡುತ್ತಿದೆ. ಪತ್ತೆಹಚ್ಚುವುದು ಸುಲಭ: ಆ್ಯಕ್ಟಿವಿಟಿ ಮಾನಿಟರ್ ತೆರೆದು ‘ಕೈಂಡ್’ ಕಾಲಂ ಹಾಕಿಕೊಂಡು ನಿಮ್ಮ ಆಪ್‌ನ ಹೆಸರು ಹುಡುಕಿ. ಅಲ್ಲಿ ಆಪಲ್ ಎಂದಿರಬೇಕು. ಇಂಟೆಲ್ ಎಂದಿದ್ದರೆ ಲೈಬ್ರರಿಯ ಎಕ್ಸ್‌ಸಿಫ್ರೇಮ್‌ವರ್ಕ್ ಆವೃತ್ತಿ ತಂದು ಆ ಸೆಟ್ಟಿಂಗ್ ಅಳಿಸಿ. ಫೋನಿನ ಆರ್ಮ್64 ಮತ್ತು ಸಿಮ್ಯುಲೇಟರಿನ ಆರ್ಮ್64 ಎರಡನ್ನೂ ಹಳೆಯ ಮಾದರಿಯ ಒಂದೇ ಫೈಲಿನಲ್ಲಿ ತುಂಬಲು ಬರುವುದಿಲ್ಲ. ಎಕ್ಸ್‌ಸಿಫ್ರೇಮ್‌ವರ್ಕ್‌ನಲ್ಲಿ ಎರಡೂ ಬೇರೆ ಬೇರೆ ಗೂಡಿನಲ್ಲಿರುತ್ತವೆ.

ನಗು ತರಿಸುವ ಇನ್ನೊಂದು ಕಾರಣವಿದೆ. ಸಿಮ್ಯುಲೇಟರಿನಲ್ಲಿ ಪುಟಗಳು ಜಾರುವುದು, ಕೀಬೋರ್ಡ್ ಏಳುವುದು ಎಲ್ಲ ನೀರಿನಡಿ ನಡೆದಂತೆ ಕಂಡರೆ, ಉಳಿದದ್ದೆಲ್ಲ ಚುರುಕಾಗಿದ್ದರೆ, ಡಿಬಗ್ ಮೆನುವಿನ ‘ಸ್ಲೋ ಆ್ಯನಿಮೇಷನ್ಸ್’ ಮುಂದೆ ಟಿಕ್ ಬಿದ್ದಿರುತ್ತದೆ. ಕಮಾಂಡ್ ಜೊತೆ ಟಿ ಒತ್ತಿದರೆ ಅದು ಆನ್ ಆಗುತ್ತದೆ. ಬ್ರೌಸರಿನಲ್ಲಿ ಹೊಸ ಟ್ಯಾಬ್ ತೆರೆಯುವ ಕೀಲಿಯೂ ಅದೇ, ಬೆರಳಿನ ಅಭ್ಯಾಸಬಲ!

ಆ ವೇಗವನ್ನು ನಂಬಬಹುದೇ

ಇಲ್ಲ. ಸಿಮ್ಯುಲೇಟರಿನ ವೇಗ ಐಫೋನಿನದಲ್ಲ, ಮ್ಯಾಕ್‌ನದು. ಮ್ಯಾಕ್‌ನ ಎಸ್‌ಎಸ್‌ಡಿ, ಮ್ಯಾಕ್‌ನ ರ‍್ಯಾಮ್, ಮನೆಯ ಬ್ರಾಡ್‌ಬ್ಯಾಂಡ್ ಮೂರನ್ನೂ ಬಳಸಿಕೊಂಡು ಓಡುವ ಆಪ್ ಚುರುಕಾಗಿಯೇ ಕಾಣುತ್ತದೆ. ಐಫೋನಿನಲ್ಲಿ ಆಪ್ ತನ್ನ ಮಿತಿ ಮೀರಿ ಮೆಮೊರಿ ಬಳಸಿದರೆ ಐಓಎಸ್ ಮುಲಾಜಿಲ್ಲದೆ ಅದನ್ನು ಮುಚ್ಚುತ್ತದೆ. ಸಿಮ್ಯುಲೇಟರಿನಲ್ಲಿ ಆ ಮಿತಿಯೇ ಇಲ್ಲ. ಮದುವೆಯ ಆಲ್ಬಂನ 200 ಫೋಟೋಗಳನ್ನು ಪೂರ್ಣ ಗಾತ್ರದಲ್ಲಿ ಒಟ್ಟಿಗೆ ತೆರೆಯುವ ಆಪ್ ಇಲ್ಲಿ ಸಲೀಸಾಗಿ ಓಡಿ, ಬಳಕೆದಾರನ ಕೈಯಲ್ಲಿ ಪಟ್ಟನೆ ಮುಚ್ಚಿಕೊಳ್ಳುವುದು ಇದರಿಂದಲೇ. ಫೈಲ್ ಹೆಸರಿನಲ್ಲೂ ಹಳ್ಳವಿದೆ. ಮ್ಯಾಕ್ ಡಿಸ್ಕ್ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ, ಐಫೋನ್ ಮಾಡುತ್ತದೆ. ಹಾಗಾಗಿ ಕೋಡಿನಲ್ಲಿ ಮೊದಲಕ್ಷರ ದೊಡ್ಡದಾಗಿ ಬರೆದ ಫೈಲ್ ಸಿಮ್ಯುಲೇಟರಿನಲ್ಲಿ ಸಿಕ್ಕಿ ಫೋನಿನಲ್ಲಿ ಸಿಗದೆ ಹೋಗಬಹುದು.

ಈ ವಿಷಯದಲ್ಲಿ ಎಮ್ಯುಲೇಟರ್ ಹೆಚ್ಚು ಪ್ರಾಮಾಣಿಕ ಎಂಬುದು ನಮ್ಮ ಅಭಿಪ್ರಾಯ. ಒಳಗಿರುವುದು ಅಸಲಿ ಲಿನಕ್ಸ್ ಕರ್ನಲ್, ಆದ್ದರಿಂದ 2 ಜಿಬಿ ಎಂದರೆ 2 ಜಿಬಿಯೇ. ಮೆಮೊರಿ ಸಾಲದಾದಾಗ ಹಿಂದಿರುವ ಆಪ್‌ಗಳನ್ನು ಅದು ಫೋನಿನಂತೆಯೇ ಕೊಲ್ಲುತ್ತದೆ. ನೆಟ್‌ವರ್ಕನ್ನು ಹಳೆಯ ಎಡ್ಜ್ (2ಜಿ) ವೇಗಕ್ಕೆ ಇಳಿಸಿ ನೋಡಲೂಬಹುದು. ಆದರೆ ಪ್ರೊಸೆಸರ್ ವೇಗ ಅಲ್ಲೂ ಸುಳ್ಳೇ. ಹತ್ತು ಸಾವಿರದೊಳಗಿನ ಫೋನಿನ ನಿಧಾನಗತಿಯ ಸ್ಟೋರೇಜ್, ಬಿಸಿಲಿನಲ್ಲಿ ಕಾದಾಗ ತನ್ನ ವೇಗ ತಾನೇ ಇಳಿಸಿಕೊಳ್ಳುವ ಚಿಪ್, ಇವೆರಡೂ ಎಮ್ಯುಲೇಟರಿನಲ್ಲಿ ಕಾಣಸಿಗುವುದಿಲ್ಲ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸಿಗುವುದು 16.6 ಮಿಲಿಸೆಕೆಂಡ್, 120 ಹರ್ಟ್ಸ್‌ನಲ್ಲಿ 8.3. ಇಷ್ಟು ಚಿಕ್ಕ ಅಳತೆಯನ್ನು ಬೇರೆ ಯಂತ್ರದಲ್ಲಿ ಅಳೆದು ಫೋನಿಗೆ ಹೊಂದಿಸಲಾಗದು. ಸಲಕರಣೆ ಮಾಡಿದವರಿಗೂ ಇದು ಗೊತ್ತು. ಗೂಗಲ್‌ನ ಜೆಟ್‌ಪ್ಯಾಕ್ ಸಂಗ್ರಹದಲ್ಲಿರುವ, ವೇಗ ಅಳೆಯುವ ಬೆಂಚ್‌ಮಾರ್ಕ್ ಲೈಬ್ರರಿ ಎಮ್ಯುಲೇಟರ್ ಕಂಡರೆ ದೋಷ ತೋರಿಸಿ ನಿಲ್ಲುತ್ತದೆ. ಎರಡೂ ಬಗೆಯ ಫೋನಿಗೆ ಆಪ್ ಬರೆಯುವ ಸಲಕರಣೆಯಾದ ಫ್ಲಟರ್‌ನ ಪ್ರೊಫೈಲ್ ಮೋಡ್‌ಗೂ ನಿಜವಾದ ಸಾಧನವೇ ಬೇಕು, ಐಓಎಸ್ ಸಿಮ್ಯುಲೇಟರಿನಲ್ಲಿ ಡಿಬಗ್ ಮೋಡ್ ಮಾತ್ರ ಓಡುತ್ತದೆ.

ಅಳೆಯಬೇಕೆಂದರೆ ಸಾಧಾರಣ ಫೋನೊಂದನ್ನು ಜೋಡಿಸಿ, ರಿಲೀಸ್ ಬಿಲ್ಡ್ (ಬಳಕೆದಾರರಿಗೆ ಕೊಡುವ ಆವೃತ್ತಿ) ಹಾಕಿ. ಡಿಬಗ್ ಬಿಲ್ಡ್‌ನ ಅಂಕಿ ಯಾವತ್ತೂ ಹೆಚ್ಚೇ ಇರುತ್ತದೆ. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಶೆಲ್‌ನಲ್ಲಿ ಎಎಂ ಸ್ಟಾರ್ಟ್ ಆಜ್ಞೆಗೆ ದೊಡ್ಡ ಎಸ್ ಮತ್ತು ದೊಡ್ಡ ಡಬ್ಲ್ಯೂ ಆಯ್ಕೆ ಎರಡನ್ನೂ ಕೊಟ್ಟರೆ ಆಪನ್ನು ಮುಚ್ಚಿ, ಮತ್ತೆ ತೆರೆದು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ‘ಟೋಟಲ್ ಟೈಮ್’ ಸಾಲಿನಲ್ಲಿ ತೋರಿಸುತ್ತದೆ. ಹತ್ತು ಸಲ ಓಡಿಸಿ ನಡುವಿನ ಅಂಕಿ ತೆಗೆದುಕೊಳ್ಳಿ. ಮೊದಲನೆಯದನ್ನು ಮಾತ್ರ ಬರೆದುಕೊಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ.

ಪರೀಕ್ಷೆಗಳನ್ನು ಸರ್ವರಿನಲ್ಲಿ ತಾನಾಗಿ ಓಡಿಸುವವರಿಗೆ ಒಂದು ಮಾತು. ಬಾಡಿಗೆಯ ಕ್ಲೌಡ್ ಯಂತ್ರವೇ ಒಂದು ವರ್ಚುವಲ್ ಯಂತ್ರ. ಅದರೊಳಗೆ ಇನ್ನೊಂದನ್ನು ಓಡಿಸಲು ಅನುಮತಿ ಇಲ್ಲದಿದ್ದರೆ ಕೆವಿಎಂ ಸಿಗುವುದಿಲ್ಲ, ಎಮ್ಯುಲೇಟರ್ ಶುರುವಾಗಲೇ ಒಪ್ಪುವುದಿಲ್ಲ, ವೇಗವರ್ಧನೆಯಿಲ್ಲದೆ ಓಡಿಸಿದರೆ ಹಳೆಯ ಅನುವಾದಕ್ಕೇ ಮರಳಿ ಪರೀಕ್ಷೆಗಳು ಟೈಮ್‌ಔಟ್ ಆಗುತ್ತವೆ. ಯೋಜನೆ ಕೊಳ್ಳುವ ಮುನ್ನ ಇದನ್ನು ಕೇಳಿ. ಆಟೊಮೇಟೆಡ್ ಟೆಸ್ಟ್ ಡಿವೈಸ್ ಎಂಬ ಹಗುರ ಇಮೇಜ್ ಬಳಸಿ, ಡೆವಲಪರ್ ಆಯ್ಕೆಗಳಲ್ಲಿರುವ ಮೂರೂ ಆ್ಯನಿಮೇಷನ್ ಸ್ಕೇಲ್‌ಗಳನ್ನು ಆಫ್ ಮಾಡಿ.

8 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡ ವಿದ್ಯಾರ್ಥಿಗಳಿಗೆ ನಾವು ಹೇಳುವುದು ಬೇರೆ: ದಿನದ ಕೆಲಸಕ್ಕೆ ಎಮ್ಯುಲೇಟರ್ ಬಿಡಿ, ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನೇ ಜೋಡಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ. ಫೋನ್ ಚಾರ್ಜ್ ಆಗುತ್ತಿದೆ, ಆದರೆ ಸ್ಟುಡಿಯೋದಲ್ಲಿ ಕಾಣುತ್ತಿಲ್ಲ ಎಂದರೆ ಮೊದಲು ಕೇಬಲ್ ಬದಲಿಸಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಆಂಡ್ರಾಯ್ಡ್ 11ರಿಂದ ವೈರ್‌ಲೆಸ್ ಡಿಬಗಿಂಗ್ ಕೂಡ ಇದೆ. ಹಾಸ್ಟೆಲ್, ಕಾಲೇಜುಗಳ ವೈಫೈನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆ ಹಾಕಿದ್ದರೆ ಅದು ಕೂಡುವುದಿಲ್ಲ. ಆಗ ಲ್ಯಾಪ್‌ಟಾಪ್‌ನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಫೋನನ್ನು ಅದಕ್ಕೆ ಸೇರಿಸಿ ಮತ್ತೆ ಪೇರ್ ಮಾಡಿ.